ಹ್ಯಾಗಿಸ್ ಜೊತೆ ವಿಸ್ಕಿ ಬೇಡ, ಬಿಯರ್ ಇಡಿ: ಸ್ಕಾಟಿಷ್ ಊಟಕ್ಕೆ ಯಾವ ಬಿಯರ್ ಹೊಂದುತ್ತದೆ?

ಲೀತ್_ದಂಡೆ:

ಜನವರಿ 25 ಹತ್ತಿರ ಬಂತು. ಕವಿ ರಾಬರ್ಟ್ ಬರ್ನ್ಸ್ 1759ರಲ್ಲಿ ಹುಟ್ಟಿದ ದಿನ. ಆ ರಾತ್ರಿ ಇಲ್ಲಿ ಎಲ್ಲಿ ನೋಡಿದರೂ ಹ್ಯಾಗಿಸ್, ಪಕ್ಕದಲ್ಲಿ ವಿಸ್ಕಿ. ಎಡಿನ್‌ಬರೋದಲ್ಲಿರುವ ನಮ್ಮ ಕನ್ನಡದ ಗೆಳೆಯರೂ ಸೇರಿ ಈ ಊಟ ಮಾಡುತ್ತೇವೆ, ಈ ಸಲ ನಮ್ಮ ಮನೆಯಲ್ಲಿ. ವಿಸ್ಕಿಯನ್ನು ಊಟ ಮುಗಿದ ಮೇಲಕ್ಕೆ ಇಟ್ಟು, ಊಟದ ಜೊತೆ ಪೂರ್ತಿ ಬಿಯರ್ ಕೊಡಬೇಕು ಅಂತ ಇದ್ದೇನೆ. ಯಾಕೆ ಅಂತ ಹೇಳುತ್ತೇನೆ, ಒಪ್ಪದವರು ಜಗಳಕ್ಕೆ ಬನ್ನಿ.

ಹ್ಯಾಗಿಸ್ ತಿನ್ನದೇ ಇರುವವರಿಗೆ: ಕುರಿಯ ಹೃದಯ, ಲಿವರ್, ಶ್ವಾಸಕೋಶ ಬೇಯಿಸಿ ಸಣ್ಣಗೆ ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಕರಿಮೆಣಸು, ಬೇರೆ ಮಸಾಲೆ ಸೇರಿಸಿ ಚೀಲದಲ್ಲಿ ತುಂಬಿ ಮತ್ತೆ ಬೇಯಿಸುತ್ತಾರೆ. ಮೊದಲು ಕುರಿಯ ಹೊಟ್ಟೆಯೇ ಚೀಲ ಆಗಿತ್ತು, ಈಗ ಅಂಗಡಿಯದರಲ್ಲಿ ಹೆಚ್ಚಾಗಿ ಬೇರೆ ಸಿಪ್ಪೆ ಇರುತ್ತದೆ. ಬಾಯಿಗೆ ಇಟ್ಟರೆ ಗಟ್ಟಿ ಉಪ್ಪಿಟ್ಟಿಗೆ ಕೈಮಾ ಕಲಸಿದ ಹಾಗೆ, ಆಮೇಲೆ ನಿಧಾನಕ್ಕೆ ಮೆಣಸಿನ ಖಾರ ಏಳುತ್ತದೆ. ಜೊತೆಗೆ ನೀಪ್ಸ್ ಮತ್ತು ಟ್ಯಾಟೀಸ್, ಅಂದರೆ ಬೆಣ್ಣೆ ಹಾಕಿ ಕಿವುಚಿದ ಹಳದಿ ಟರ್ನಿಪ್ಪು ಮತ್ತು ಆಲೂಗಡ್ಡೆ.

ಈ ತಟ್ಟೆಗೆ ಶೇ. 40 ಆಲ್ಕೋಹಾಲ್ ಇರುವ ವಿಸ್ಕಿ ಬಿದ್ದರೆ ಮೆಣಸಿನ ಖಾರ ಬೆಂಕಿ ಆಗುತ್ತದೆ, ಲಿವರಿನ ರುಚಿ ಹೋಗುತ್ತದೆ, ಓಟ್ಸಿನ ರುಚಿ ಅಂತೂ ಗೊತ್ತೇ ಆಗುವುದಿಲ್ಲ. ಕಹಿ ಜಾಸ್ತಿ ಇರುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್ ಕೊಟ್ಟರೂ ಹೆಚ್ಚು ಕಡಿಮೆ ಅದೇ ಗತಿ. ಕಹಿ ಮತ್ತು ಮೆಣಸು ಒಂದನ್ನೊಂದು ಎಬ್ಬಿಸುತ್ತವೆ.

ನನ್ನ ವಾದ ಇಷ್ಟು. ಸ್ಕಾಟಿಷ್ ಅಡುಗೆ ನಿಂತಿರುವುದು ಓಟ್ಸ್, ಬಾರ್ಲಿ, ಕೊಬ್ಬು, ಹೊಗೆ, ಬೇರು ತರಕಾರಿ ಮೇಲೆ. ಇದಕ್ಕೆ ಬೇಕಾದದ್ದು ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ಇರುವ, ಹದವಾದ, ಶೇ. 4ರಿಂದ 5ರ ಒಳಗಿನ ಏಲ್ ಅನ್ನುವ ಬಿಯರ್. ಇಲ್ಲಿ ಅದಕ್ಕೆ 80 ಶಿಲ್ಲಿಂಗ್ ಅಂತ ಹೆಸರು. ಹಿಂದೆ ಪೀಪಾಯಿಗೆ ಎಷ್ಟು ಶಿಲ್ಲಿಂಗ್ ಬೆಲೆಯೋ ಅದೇ ಬಿಯರಿನ ಹೆಸರಾಗಿತ್ತು: 60 ಅಂದರೆ ತೆಳು, 70 ನಡು, 80 ಸ್ವಲ್ಪ ಗಟ್ಟಿ, 90ರ ಮೇಲೆ ಹೋದರೆ ವೀ ಹೆವಿ ಅನ್ನುವ ಭಾರದ ಬಿಯರ್. ಡನ್‌ಬಾರ್ ಊರಿನ ಬೆಲ್‌ಹೇವನ್ 1719ರಿಂದ ನಡೆದು ಬಂದ ಬ್ರೂವರಿ, ಅವರ 80 ಶಿಲ್ಲಿಂಗ್ ಹ್ಯಾಗಿಸ್ ಜೊತೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಒಮ್ಮೆ ಕುಡಿದು ನೋಡಿ. ಟರ್ನಿಪ್ಪಿನ ಸಿಹಿ ಮತ್ತು ಮಾಲ್ಟಿನ ಸಿಹಿ ಕೈ ಹಿಡಿದುಕೊಳ್ಳುತ್ತವೆ, ಮೆಣಸು ನಡುವೆ ಸುಮ್ಮನೆ ಕೂರುತ್ತದೆ.

ಬರುವವರಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಶುರುವಿಗೆ ಕಲನ್ ಸ್ಕಿಂಕ್ ಅನ್ನುವ ಮೀನಿನ ಸೂಪು, ಕೊನೆಗೆ ಕ್ರಾನಖನ್ ಅನ್ನುವ ಸಿಹಿ. ಈ ಎರಡಕ್ಕೂ ಯಾವ ಬಿಯರ್ ಅಂತ ಇನ್ನೂ ಗಟ್ಟಿ ಮಾಡಿಲ್ಲ. ಹೇಳಿ.

ಮಾಲ್ಟ್_ಗೌಡ:

ಗುರು, ಹ್ಯಾಗಿಸ್ ಜೊತೆ ವೀ ಹೆವಿ ಬಿಟ್ಟು 80 ಶಿಲ್ಲಿಂಗಾ? ಒಪ್ಪಲ್ಲ. ಲಿವರ್, ಕೊಬ್ಬು ಎರಡೂ ಇರುವ ತಿಂಡಿಗೆ ಎದುರು ನಿಲ್ಲುವ ತಾಕತ್ತು ಬೇಕು. ಟ್ರಾಕ್ವೇರ್ ಹೌಸ್ ಏಲ್ ತಗೊಳ್ಳಿ. ಶೇ. 7.2. ಟ್ರಾಕ್ವೇರ್ ಹೌಸ್ ಅಂದರೆ ಸ್ಕಾಟ್ಲೆಂಡಿನಲ್ಲಿ ಜನ ಇನ್ನೂ ವಾಸ ಇರುವ ಅತಿ ಹಳೆ ಮನೆ, ಅದರೊಳಗೆ ಹಳೆ ಬ್ರೂವರಿ ಸಾಮಾನುಗಳ ನಡುವೆ ಮುಚ್ಚಿ ಬಿದ್ದಿತ್ತು. ಮನೆಯ ಯಜಮಾನ ಪೀಟರ್ ಮ್ಯಾಕ್ಸ್‌ವೆಲ್ ಸ್ಟುವರ್ಟ್ 1965ರಲ್ಲಿ ಮತ್ತೆ ಶುರು ಮಾಡಿದರು. ಇವತ್ತಿಗೂ ಓಕ್ ಮರದ ತೊಟ್ಟಿಯಲ್ಲೇ ಹುಳಿ ಬರಿಸುತ್ತಾರೆ. ಒಣ ದ್ರಾಕ್ಷಿ, ಸುಟ್ಟ ಸಕ್ಕರೆ, ಸ್ವಲ್ಪ ಮರದ ಒಗರು. ಇದು ಹ್ಯಾಗಿಸ್‌ಗೆ ಸರಿಸಮ.

ಇನ್ನೊಂದು ಮಾತು, ನಾನು ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಬಿಯರ್ ಮಾಡುವ ಕೆಲಸದಲ್ಲಿ ಇದ್ದೇನೆ, ಅದಕ್ಕೆ ಹೇಳುತ್ತಿರುವುದು. ಸ್ಕಾಟ್ಲೆಂಡಿನಲ್ಲಿ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಬೆಳೆಯುವುದಿಲ್ಲ, ಹಾಗಾಗಿ ಅಲ್ಲಿನ ಬಿಯರಿನಲ್ಲಿ ಕಹಿ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಬ್ರೂವರಿಗಳ ಹಳೆ ಲೆಕ್ಕದ ಪುಸ್ತಕ ತೆಗೆದವರು ಬೇರೆ ಕಥೆ ಹೇಳುತ್ತಾರೆ. ಹಾಪ್ಸ್ ಇಂಗ್ಲೆಂಡಿನಿಂದ ಧಾರಾಳವಾಗಿ ಬರುತ್ತಿತ್ತು. 19ನೇ ಶತಮಾನದಲ್ಲಿ ಎಡಿನ್‌ಬರೋ ಮತ್ತು ಅಲೋವಾದ ಬ್ರೂವರಿಗಳು ನಮ್ಮ ದೇಶಕ್ಕೇ ಕಹಿ ಪೇಲ್ ಏಲ್ ಹಡಗಿನಲ್ಲಿ ಕಳಿಸುತ್ತಿದ್ದವು. ಎಡಿನ್‌ಬರೋ ಬಾವಿಗಳ ಗಡಸು ನೀರು ಅದಕ್ಕೆ ಹೇಳಿ ಮಾಡಿಸಿದ್ದು. ಆದ್ದರಿಂದ ಸ್ಕಾಟಿಷ್ ಅಂದರೆ ಬರೀ ಸಿಹಿ ಮಾಲ್ಟ್ ಅನ್ನುವುದು ಪೂರ್ತಿ ಸರಿ ಅಲ್ಲ.

ಲೀತ್_ದಂಡೆ:

ಚರಿತ್ರೆ ಒಪ್ಪಿದೆ ಗೌಡ್ರೇ. ಹಾಪ್ಸ್ ಕಡಿಮೆ ಇತ್ತು ಅಂತ ನಾನೂ ಹೇಳಿಲ್ಲ, ಈ ಊಟಕ್ಕೆ ಹಾಪ್ಸ್ ಕಡಿಮೆ ಇರುವುದು ಹೊಂದುತ್ತದೆ ಅಂತ ಹೇಳಿದ್ದು.

ಟ್ರಾಕ್ವೇರ್ ಅದ್ಭುತ ಬಿಯರ್, ಎರಡು ಮಾತಿಲ್ಲ. ಆದರೆ ತಟ್ಟೆ ತುಂಬ ಹ್ಯಾಗಿಸ್ ಮುಂದೆ ಇಟ್ಟುಕೊಂಡು ಅದನ್ನೇ ಕುಡಿದರೆ ಮೂರನೇ ತುತ್ತಿಗೆ ಹೊಟ್ಟೆ ಭಾರ. ಓಟ್ಸ್ ತುಂಬುತ್ತದೆ, ಕೊಬ್ಬು ತುಂಬುತ್ತದೆ, ಮೇಲಿಂದ ಬಿಯರೂ ತುಂಬುತ್ತದೆ. ಬಾಯಿ ತೊಳೆಯುವವರು ಯಾರು? ಅದೂ ಅಲ್ಲದೆ ಆಲ್ಕೋಹಾಲ್ ಏರಿದ ಹಾಗೆ ಮೆಣಸಿನ ಉರಿಯೂ ಏರುತ್ತದೆ. ಬರ್ನ್ಸ್ ಊಟದಲ್ಲಿ ಪದ್ಯ ಓದಬೇಕು, ಭಾಷಣ ಕೇಳಬೇಕು, ಹಾಡಬೇಕು. ಗಂಟೆಗಟ್ಟಲೆ ನಡೆಯುವ ಊಟ. ಶೇ. 7ರ ಬಿಯರಿನಲ್ಲಿ ಅಷ್ಟು ಹೊತ್ತು ಕೂರುವುದು ಕಷ್ಟ.

ಟ್ರಾಕ್ವೇರನ್ನು ಮಾಂಸದ ಸ್ಟ್ಯೂ ಜೊತೆ, ಜಿಂಕೆ ಮಾಂಸದ ಜೊತೆ, ಇಲ್ಲಾ ಕೊನೆಯಲ್ಲಿ ಚೀಸ್ ಜೊತೆ ಇಡಿ. ಲ್ಯಾನಾರ್ಕ್ ಬ್ಲೂ ಅಂತ ಒಂದು ನೀಲಿ ಚೀಸ್ ಇದೆ, ಉಪ್ಪು ಜಾಸ್ತಿ. ಅದರ ಒಂದು ತುಂಡು, ಓಟ್‌ಕೇಕ್, ಸಣ್ಣ ಗ್ಲಾಸಿನಲ್ಲಿ ಟ್ರಾಕ್ವೇರ್. ಇದಕ್ಕಿಂತ ಒಳ್ಳೆ ಜೋಡಿ ನನಗೆ ಇನ್ನೂ ಸಿಕ್ಕಿಲ್ಲ.

ಹೊಗೆಮೀನು:

ನಾನು ಉಡುಪಿ ಕಡೆಯವನು, ಕೆಲಸ ಅಬರ್ಡೀನ್‌ನಲ್ಲಿ. ಮೀನಿನ ವಿಷಯ ನನಗೆ ಬಿಡಿ.

ಕಲನ್ ಸ್ಕಿಂಕ್ ಮೊರೆ ಕರಾವಳಿಯ ಕಲನ್ ಊರಿನದು. ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು. ಇಷ್ಟೇ. ಇದಕ್ಕೆ ಸರಿಯಾದ ಮೀನು ಫಿನ್ನನ್ ಹ್ಯಾಡಿ, ನಮ್ಮ ಅಬರ್ಡೀನ್ ಪಕ್ಕದ ಫಿಂಡನ್ ಊರಿನ ಹೆಸರಿನದು. ತಣ್ಣನೆ ಹೊಗೆಯಲ್ಲಿ ಇಡುತ್ತಾರೆ, ಮೀನು ಬೇಯುವುದಿಲ್ಲ, ಹೊಗೆ ಮಾತ್ರ ಹಿಡಿಯುತ್ತದೆ. ಬಣ್ಣ ಹಾಕಿದ ಕಡು ಹಳದಿ ಮೀನು ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ, ಅದು ಬೇಡ, ಮಾಸಲು ಬಣ್ಣದ್ದೇ ತಗೊಳ್ಳಿ.

ಹಾಲಿನ ಸೂಪು ಅಂತ ಕೆಲವರು ಸ್ಟೌಟ್ ಅನ್ನುವ ಕಪ್ಪು ಬಿಯರ್ ಕೊಡುತ್ತಾರೆ. ಸುಟ್ಟ ಮಾಲ್ಟಿನ ಕಹಿ ಆ ನವಿರು ಹೊಗೆಯನ್ನು ಮುಚ್ಚಿ ಹಾಕುತ್ತದೆ. ಐಪಿಎ ಕುಡಿದರೆ ಇನ್ನೂ ಕೆಟ್ಟದು, ನನ್ನ ನಾಲಿಗೆಗೆ ಕಬ್ಬಿಣ ನೆಕ್ಕಿದ ಹಾಗೆ. ತಿಳಿ ಬಂಗಾರದ ಬಣ್ಣದ ಏಲ್ ಬೇಕು. ಹಾರ್ವಿಸ್ಟನ್ ಬ್ರೂವರಿಯ ಬಿಟರ್ ಆ್ಯಂಡ್ ಟ್ವಿಸ್ಟೆಡ್ ನನ್ನ ಆಯ್ಕೆ. 2003ರಲ್ಲಿ ಬ್ರಿಟನ್ನಿನ ಚಾಂಪಿಯನ್ ಬಿಯರ್ ಆಗಿತ್ತು. ಹೆಸರಿನಲ್ಲಿ ಬಿಟರ್ ಇದ್ದರೂ ಕಹಿ ಹದವಾಗಿದೆ, ನಿಂಬೆ ಸಿಪ್ಪೆಯ ವಾಸನೆ ಇದೆ. ಮೀನು ಸೂಪಿಗೆ ಬೇಕಾದ ಹುಳಿಯ ನೆನಪು ಅದೇ ಕೊಡುತ್ತದೆ.

ಆರ್ಬ್ರೋತ್ ಸ್ಮೋಕಿ ಬೇರೆಯೇ ಲೋಕ. ಹ್ಯಾಡಕ್‌ಗಳಿಗೆ ಉಪ್ಪು ಹಾಕಿಟ್ಟು, ಎರಡೆರಡು ಮೀನನ್ನು ಬಾಲದಲ್ಲಿ ಸೆಣಬಿನ ದಾರದಿಂದ ಕಟ್ಟಿ, ಕೋಲಿನ ಮೇಲೆ ನೇತು ಹಾಕಿ, ಬೀಚ್ ಇಲ್ಲಾ ಓಕ್ ಸೌದೆಯ ಬೆಂಕಿ ಮೇಲೆ ಇಡುತ್ತಾರೆ. ಮೇಲೆ ಒದ್ದೆ ಗೋಣಿಚೀಲ ಮುಚ್ಚುತ್ತಾರೆ. ಬೆಂಕಿ ಏಳಬಾರದು, ಹೊಗೆ ಹೊರಗೆ ಹೋಗಬಾರದು, ಒಣ ಹವೆ ಇದ್ದರೆ ಗೋಣಿ ಜಾಸ್ತಿ, ಒದ್ದೆ ಹವೆ ಇದ್ದರೆ ಕಡಿಮೆ. ಆ ಗೋಣಿ ತೆಗೆದಾಗ ಮೀನು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ ಮುಳ್ಳು ಎಳೆದರೆ ಪೂರ್ತಿ ಕೈಗೆ ಬರುತ್ತದೆ, ಒಳಗೆ ಬಿಳಿ ಮಾಂಸದಿಂದ ರಸ ಒಸರುತ್ತದೆ. 2004ರಿಂದ ಆರ್ಬ್ರೋತ್‌ನ ಸುತ್ತ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು.

ಇದಕ್ಕೆ ಬಿಸಿ ಇರುವಾಗಲೇ ಒಂದು ತಣ್ಣನೆ ಲಾಗರ್, ಅಂದರೆ ಹಗುರವಾದ ತಿಳಿ ಬಿಯರ್. ಟೆನೆಂಟ್ಸ್ ಇದ್ದರೂ ಸಾಕು. ನಾನು ಹೃದಯಪೂರ್ವಕ ಹೇಳುತ್ತಿದ್ದೇನೆ.

ಗ್ಲಾಸ್ಗೋ_ಗಂಗಾ:

ಟೆನೆಂಟ್ಸ್ ಇದ್ದರೂ ಸಾಕು ಅಂದರೆ ಏನರ್ಥ ಅಣ್ಣ 🙂 ಗ್ಲಾಸ್ಗೋದ ವೆಲ್‌ಪಾರ್ಕ್‌ನಲ್ಲಿ 1885ರಿಂದ ಲಾಗರ್ ಮಾಡುತ್ತಿದ್ದಾರೆ. ಬ್ರಿಟನ್ನಿನಲ್ಲಿ ಎಲ್ಲರೂ ಲಾಗರ್ ಕಡೆ ತಿರುಗುವುದಕ್ಕೆ ಎಷ್ಟೋ ಮೊದಲು. ಸ್ಕಾಚ್ ಪೈ ಜೊತೆ ಅದನ್ನು ಮೀರಿಸುವುದು ಇಲ್ಲ. ಫುಟ್‌ಬಾಲ್ ಮೈದಾನದಲ್ಲಿ ತಿನ್ನುವ ಪೈ ಅದು: ಕೊಚ್ಚಿದ ಕುರಿಮಾಂಸ, ಮೆಣಸು ಚೆನ್ನಾಗಿ ಹಾಕಿ, ಬಿಸಿನೀರಲ್ಲಿ ಕಲಸಿದ ಗಟ್ಟಿ ಹಿಟ್ಟಿನ ಬಟ್ಟಲಿನೊಳಗೆ. ಮೇಲಿನ ಮುಚ್ಚಳ ಅಂಚಿಗಿಂತ ಕೆಳಗೆ ಇರುತ್ತದೆ, ಆ ಗುಂಡಿಯಲ್ಲಿ ಗ್ರೇವಿಯೋ ಸಾಸೋ ತುಂಬಿಕೊಳ್ಳಬಹುದು. ಕಚ್ಚಿದರೆ ಕೊಬ್ಬು ತುಟಿಗೆ ಅಂಟುತ್ತದೆ. ಅಲ್ಲಿ ಬೇಕಾದ್ದು ಗ್ಯಾಸು, ತಂಪು. ಭಾರದ ಏಲ್ ಅಲ್ಲ.

ಒಂದು ಎಚ್ಚರಿಕೆ, ಫುಟ್‌ಬಾಲ್ ಮೈದಾನದ ಜನಸಾಮಾನ್ಯರ ಸ್ಟ್ಯಾಂಡಿನಲ್ಲಿ ಬಿಯರ್ ಸಿಗುವುದಿಲ್ಲ, 1980ರ ಹ್ಯಾಂಪ್ಡನ್ ಗಲಾಟೆ ಆದ ಮೇಲೆ ನಿಲ್ಲಿಸಿದ್ದು. ಪೈ ಅಲ್ಲಿ, ಬಿಯರ್ ಹೊರಗೆ ಪಬ್‌ನಲ್ಲಿ.

ಸೊಪ್ಪುಸಾರು:

ಸಸ್ಯಾಹಾರಿಗಳ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಾನು ಶುದ್ಧ ಸಸ್ಯಾಹಾರಿ, ಬಿಯರ್ ಕುಡಿಯುತ್ತೇನೆ, ಡಂಡೀಯಲ್ಲಿ ಓದುತ್ತಿದ್ದೇನೆ. ವೆಜ್ ಹ್ಯಾಗಿಸ್‌ಗೂ ಇದೇ 80 ಶಿಲ್ಲಿಂಗ್ ಆಗುತ್ತಾ? ಬಿಯರ್ ತಿಳಿ ಮಾಡುವುದಕ್ಕೆ ಮೀನಿನ ಏನೋ ಹಾಕುತ್ತಾರಂತಲ್ಲ, ಅದನ್ನೂ ಯಾರಾದರೂ ಹೇಳಿ.

ಲೀತ್_ದಂಡೆ:

ತಂಗಿ, ಬಹಳ ಸರಿಯಾದ ಪ್ರಶ್ನೆ. ವೆಜ್ ಹ್ಯಾಗಿಸ್ ಇಲ್ಲಿ ತಮಾಷೆಯ ವಸ್ತು ಅಲ್ಲ. ಎಡಿನ್‌ಬರೋದ ಮ್ಯಾಕ್‌ಸ್ವೀನ್ ಅನ್ನುವ ಕಸಾಯಿ ಮನೆತನದವರು 1984ರಲ್ಲಿ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಶುರುವಾದಾಗ ಅದಕ್ಕಾಗಿ ಮಾಡಿದ್ದು. ಕಾಳು, ಬೇಳೆ, ಓಟ್ಸ್, ಅಣಬೆ, ಬೀಜಗಳು, ಕ್ಯಾರೆಟ್. ಮೆಣಸು ಅಷ್ಟೇ ಇರುತ್ತದೆ, ಆದರೆ ಕೊಬ್ಬು ಕಡಿಮೆ, ರಕ್ತದ ಕಬ್ಬಿಣದ ರುಚಿ ಇಲ್ಲ. ಆದ್ದರಿಂದ ಬಿಯರ್ ಒಂದು ಮೆಟ್ಟಿಲು ಹಗುರ ಆಗಬೇಕು. 70 ಶಿಲ್ಲಿಂಗ್ ಸಿಕ್ಕರೆ ಅದು. ಇಲ್ಲದಿದ್ದರೆ ಫ್ರೌಖ್. ವಿಲಿಯಮ್ಸ್ ಬ್ರದರ್ಸ್ ಅವರ ಹೀದರ್ ಏಲ್, ಗುಡ್ಡದ ಮೇಲೆ ನೇರಳೆ ಬಣ್ಣಕ್ಕೆ ಅರಳುವ ಹೀದರ್ ಹೂವು ಮತ್ತು ಬಾಗ್ ಮಿರ್ಟಲ್ ಅನ್ನುವ ಎಲೆ ಹಾಕಿ ಮಾಡುತ್ತಾರೆ. ಶೇ. 5. ಸ್ವಲ್ಪ ಹೂವಿನ ವಾಸನೆ, ಜೇನಿನ ನೆನಪು, ಕೊನೆಗೆ ಒಣಗಿದ ರುಚಿ. ಬೇಳೆ ಮತ್ತು ಅಣಬೆಯ ಮಣ್ಣಿನ ರುಚಿ ಜೊತೆ ಅದು ಹೋದಷ್ಟು ಬೇರೆ ಯಾವುದೂ ಹೋಗುವುದಿಲ್ಲ.

ಮೀನಿನ ವಿಷಯ ಗೌಡ್ರು ಹೇಳಲಿ.

ಮಾಲ್ಟ್_ಗೌಡ:

ಅದು ಐಸಿಂಗ್ಲಾಸ್. ಮೀನಿನ ಗಾಳಿಚೀಲ ಒಣಗಿಸಿ ಮಾಡುವುದು. ಪೀಪಾಯಿಯಲ್ಲಿ ಯೀಸ್ಟ್ ತಳಕ್ಕೆ ಕೂರಿಸಲು ಹಾಕುತ್ತಾರೆ. ಬ್ರಿಟನ್ನಿನ ಪಬ್‌ಗಳಲ್ಲಿ ಕೈಪಂಪಿನಿಂದ ಎಳೆಯುವ ಕಾಸ್ಕ್ ಏಲ್‌ನಲ್ಲಿ ಈ ರೂಢಿ ಜಾಸ್ತಿ. ಬಾಟಲಿ, ಕ್ಯಾನ್‌ಗಳಲ್ಲಿ ಫಿಲ್ಟರ್ ಮಾಡಿದ್ದೋ ಇಲ್ಲಾ ಮೋಡ ಮೋಡ ಇರುವ ಹಾಗೇ ಬಿಟ್ಟಿದ್ದೋ ತುಂಬ ಸಿಗುತ್ತದೆ, ಲೇಬಲ್ ಮೇಲೆ ವೀಗನ್ ಅಂತ ಹಾಕಿರುತ್ತಾರೆ. ಕಾಸ್ಕ್ ಬೇಕು ಅಂದರೆ ಪಬ್‌ನಲ್ಲಿ ಕೇಳಿ, ಅವರಿಗೆ ಗೊತ್ತಿರುತ್ತದೆ, ಮುಜುಗರ ಬೇಡ ತಂಗಿ.

ಸೊಪ್ಪುಸಾರು:

ಥ್ಯಾಂಕ್ಸ್ ಇಬ್ಬರಿಗೂ. ರಂಬಲ್‌ಡಿಥಂಪ್ಸ್ ಮೇಲೂ ಹೇಳಿ. ಆಲೂಗಡ್ಡೆ, ಎಲೆಕೋಸು, ಈರುಳ್ಳಿ ಕಿವುಚಿ ಮೇಲೆ ಚೀಸ್ ಹಾಕಿ ಸುಡುವುದು. ಚಳಿಗಾಲದಲ್ಲಿ ನನ್ನ ರಾತ್ರಿ ಊಟ ಹೆಚ್ಚಾಗಿ ಅದೇ.

ಲೀತ್_ದಂಡೆ:

ಅದಕ್ಕೆ 80 ಶಿಲ್ಲಿಂಗೇ. ಮೇಲಿನ ಚೀಸ್ ಕಂದು ಆಗಿರುತ್ತದಲ್ಲ, ಅದೇ ಕಂದು ರುಚಿ ಮಾಲ್ಟಿನಲ್ಲೂ ಇದೆ. ಯೋಚನೆ ಮಾಡುವುದೇ ಬೇಡ.

ಹೊಗೆಮೀನು:

ನೀವು ಎಲ್ಲದಕ್ಕೂ 80 ಶಿಲ್ಲಿಂಗ್ ಅನ್ನುತ್ತೀರಿ ಸರ್ 😀 ಸಿಂಪಿಗೆ (ಆಯ್ಸ್ಟರ್) ಏನು ಮಾಡುತ್ತೀರಿ?

ಲೀತ್_ದಂಡೆ:

ಅದಕ್ಕೆ ಖಂಡಿತ ಅಲ್ಲ. ಲಾಖ್ ಫೈನ್ ಅನ್ನುವ, ನೆಲದೊಳಗೆ ಚಾಚಿದ ಕಡಲ ತೋಳಿನ ತಲೆಯ ಕಡೆ ಕೇರ್ನ್‌ಡೌ ಹತ್ತಿರ ಫೈನ್ ಏಲ್ಸ್ ಬ್ರೂವರಿ ಇದೆ, ಹಸು ಮೇಯುವ ಜಮೀನಿನ ನಡುವೆ. ಸಿಂಪಿಯೂ ಅದೇ ನೀರಿನದು. ಅವರ ಯಾರ್ಲ್ ಶೇ. 3.8, ಸಿಟ್ರಾ ಹಾಪ್ಸ್ ಒಂದನ್ನೇ ಮುಂದೆ ಮಾಡಿ ಮಾಡಿದ್ದು, ಚಕ್ಕೋತದಂಥ ಹುಳಿವಾಸನೆ. ಹಸಿ ಸಿಂಪಿ ಮೇಲೆ ನಿಂಬೆ ಹಿಂಡುವ ಬದಲು ಅದನ್ನು ಒಂದು ಗುಟುಕು. ಅಲ್ಲಿ ಹಾಪ್ಸ್ ಬೇಕು, ಒಪ್ಪುತ್ತೇನೆ. ಎಣ್ಣೆ ಅಂಶ ಕಡಿಮೆ, ಹೊಗೆ ಇಲ್ಲ, ಬರೀ ಉಪ್ಪು ಮತ್ತು ಕಡಲು. ಸ್ಟೌಟ್ ಕೂಡ ಹಳೆ ಜೋಡಿ, ಆದರೆ ಅದನ್ನು ಎಲ್ಲರೂ ಹೇಳುತ್ತಾರೆ, ಇದನ್ನೂ ನೋಡಿ.

ಮೈಸೂರು_ಸಂಜೆ:

ನಾನು ಮಾರ್ಚ್‌ನಲ್ಲಿ ಮನೆಯವರ ಜೊತೆ ಎಡಿನ್‌ಬರೋಗೆ ಬರುತ್ತಿದ್ದೇನೆ. ಇಷ್ಟೆಲ್ಲ ಓದಿ ತಲೆ ತಿರುಗುತ್ತಿದೆ. ಒಂದೇ ದಿನ, ಒಂದೇ ಪಬ್ ಅಂದರೆ ಏನು ತಗೊಳ್ಳಲಿ? ಕಾರು ಬಾಡಿಗೆ ತಗೊಳ್ಳುವ ಯೋಚನೆಯೂ ಇದೆ.

ಗ್ಲಾಸ್ಗೋ_ಗಂಗಾ:

ಕಾರು ಇದ್ದರೆ ಬಿಯರ್ ಬೇಡ ಅಣ್ಣ, ಒಂದೂ ಬೇಡ. 2014ರ ಡಿಸೆಂಬರ್‌ನಿಂದ ಸ್ಕಾಟ್ಲೆಂಡಿನ ಮಿತಿ ಇಂಗ್ಲೆಂಡಿಗಿಂತ ಕಡಿಮೆ, 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ಅಲ್ಲಿ 80. ಬಸ್ಸಲ್ಲಿ ಹೋಗಿ. ಅಂಗಡಿಯಲ್ಲಿ ಬಿಯರ್ ತಗೊಂಡು ರೂಮಿಗೆ ಹೋಗುವ ಹಾಗಿದ್ದರೆ ಬೆಳಿಗ್ಗೆ 10ರಿಂದ ರಾತ್ರಿ 10ರ ಒಳಗೆ ತಗೊಳ್ಳಿ, ಆಮೇಲೆ ಮಾರುವುದಿಲ್ಲ.

ಲೀತ್_ದಂಡೆ:

ಒಂದೇ ದಿನ ಅಂದರೆ ಹೀಗೆ ಮಾಡಿ. ಕೈಪಂಪು ಇರುವ ಪಬ್ ನೋಡಿ, ಹಲಗೆಯ ಮೇಲೆ ಇವತ್ತಿನ ಕಾಸ್ಕ್ ಏಲ್‌ಗಳ ಹೆಸರು ಬರೆದಿರುತ್ತಾರೆ. ಬಂಗಾರದ ಬಣ್ಣದ್ದು ಒಂದು ಅರ್ಧ ಪಿಂಟ್, ಜೊತೆಗೆ ಕಲನ್ ಸ್ಕಿಂಕ್ ಒಂದು ಬಟ್ಟಲು. ಆಮೇಲೆ ಕಂದು ಬಣ್ಣದ್ದು ಅರ್ಧ ಪಿಂಟ್, ಹ್ಯಾಗಿಸ್ ಜೊತೆ. ಪೂರ್ತಿ ಪಿಂಟ್ ತಗೊಳ್ಳಲೇಬೇಕು ಅಂತ ಏನಿಲ್ಲ, ಅರ್ಧ ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ, ರುಚಿ ನೋಡಲು ಒಂದು ಗುಟುಕು ಕೇಳಿದರೂ ಹೆಚ್ಚಿನ ಕಡೆ ಕೊಡುತ್ತಾರೆ. ಹಣ ಕೌಂಟರಿನಲ್ಲೇ ಕೊಟ್ಟು ಗ್ಲಾಸು ನೀವೇ ಟೇಬಲ್ಲಿಗೆ ತರಬೇಕು.

ಡ್ಯೂಕರ್ಸ್ ಐಪಿಎ ಕಂಡರೆ ಅದನ್ನೂ ನೋಡಿ. 2002ರಲ್ಲಿ ಚಾಂಪಿಯನ್ ಆದ ಬಿಯರ್, ಹೆಸರು ಐಪಿಎ ಆದರೂ ಹಗುರ. ಅದನ್ನು ಮಾಡುತ್ತಿದ್ದ ಎಡಿನ್‌ಬರೋದ ಕ್ಯಾಲೆಡೋನಿಯನ್ ಬ್ರೂವರಿ 1869ರದು, 2022ರಲ್ಲಿ ಮುಚ್ಚಿತು. ನನಗೆ ಇವತ್ತಿಗೂ ಅದರ ಸಂಕಟ ಇದೆ. ಒಂದು ಕಾಲಕ್ಕೆ ಈ ಊರಿನ ಗಾಳಿಯಲ್ಲೇ ಬೇಯುವ ಮಾಲ್ಟಿನ ವಾಸನೆ ಇತ್ತು, ಅಷ್ಟು ಬ್ರೂವರಿಗಳು ಇದ್ದವು. ಆ ಸಾಲಿನಲ್ಲಿ ಉಳಿದಿದ್ದ ದೊಡ್ಡದು ಅದು.

ಮಕ್ಕಳಿಗೆ ಫಿಶ್ ಸಪ್ಪರ್, ಅಂದರೆ ಕರಿದ ಮೀನು ಮತ್ತು ಆಲೂಗಡ್ಡೆ ಚಿಪ್ಸ್, ಕೊಡಿಸಿ. ಎಡಿನ್‌ಬರೋದಲ್ಲಿ ಸಾಲ್ಟ್ ಆ್ಯಂಡ್ ಸಾಸ್ ಬೇಕಾ ಅಂತ ಕೇಳುತ್ತಾರೆ, ವಿನೆಗರ್ ಹಾಕಿ ತೆಳು ಮಾಡಿದ ಕಂದು ಸಾಸ್. ಹೂಂ ಅನ್ನಿ.

ಗ್ಲಾಸ್ಗೋ_ಗಂಗಾ:

ಬೇಡ ಅನ್ನಿ. ಉಪ್ಪು, ವಿನೆಗರ್ ಅಷ್ಟೇ. ಮೀನಿನ ಗರಿಗರಿ ಹೊದಿಕೆ ಮೇಲೆ ಸಾಸ್ ಸುರಿದರೆ ಅದು ಮೆತ್ತಗಾಗುತ್ತದೆ, ಆಮೇಲೆ ಯಾವ ಬಿಯರ್ ಕೊಟ್ಟರೂ ಉಪಯೋಗ ಇಲ್ಲ. ಈ ವಿಷಯದಲ್ಲಿ ಗ್ಲಾಸ್ಗೋ ಸರಿ.

ಮಾಲ್ಟ್_ಗೌಡ:

ಕ್ರಾನಖನ್ ಬಗ್ಗೆ ನಾನು ಹೇಳುತ್ತೇನೆ, ನೀವು ಕೇಳಿದ್ದು ಹಾಗೇ ಉಳಿದಿದೆ. ಹುರಿದ ಓಟ್ಸ್, ಕೆನೆ, ಜೇನು, ವಿಸ್ಕಿ, ರಾಸ್‌ಬೆರಿ. ಸಿಹಿ ಇದೆ ಅಂತ ಸಿಹಿ ಬಿಯರ್ ಕೊಟ್ಟರೆ ಬಾಯಿ ಕಟ್ಟುತ್ತದೆ. ಹಣ್ಣಿನ ಬಿಯರ್ ಕೊಟ್ಟರೆ ರಾಸ್‌ಬೆರಿ ಮೇಲೆ ಇನ್ನೊಂದು ಹಣ್ಣು, ಯಾಕೆ ಬೇಕು? ಓಟ್ಸ್ ಹಾಕಿದ ಸ್ಟೌಟ್ ಕೊಡಿ. ಅಲೋವಾದ ಮ್ಯಾಕ್ಲೇ ಬ್ರೂವರಿ 19ನೇ ಶತಮಾನದ ಕೊನೆಯಲ್ಲೇ ಓಟ್ಸ್ ಸ್ಟೌಟ್ ಮಾಡುತ್ತಿತ್ತು, ಹಾಗಾಗಿ ಇದು ಆ ಮಣ್ಣಿನದೇ. ಓಟ್ಸ್ ಬಿಯರಿಗೆ ಒಂದು ನುಣುಪು ಕೊಡುತ್ತದೆ, ಕೆನೆಯ ಜೊತೆ ಅದು ಬೆರೆಯುತ್ತದೆ, ಸುಟ್ಟ ಮಾಲ್ಟಿನ ಕಾಫಿ ಕಹಿ ಜೇನಿನ ಸಿಹಿಯನ್ನು ಹಿಡಿಯುತ್ತದೆ. ಹಾರ್ವಿಸ್ಟನ್‌ನ ಓಲ್ಡ್ ಎಂಜಿನ್ ಆಯಿಲ್ ಸಿಕ್ಕರೆ ಅದೂ ಆಗುತ್ತದೆ, ಶೇ. 6, ಹೆಸರಿಗೆ ತಕ್ಕ ಹಾಗೆ ಕಪ್ಪು, ಚಾಕೊಲೇಟ್ ರುಚಿ.

ಓಟ್ಸನ್ನು ಬಾಣಲೆಯಲ್ಲಿ ಸರಿಯಾಗಿ ಹುರಿಯಿರಿ. ಘಮ ಬರಬೇಕು. ಅಲ್ಲಿ ಅವಸರ ಮಾಡಿದರೆ ಬಿಯರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಲೀತ್_ದಂಡೆ:

ಇದು ನನಗೆ ಹೊಳೆದಿರಲಿಲ್ಲ, ಬಹಳ ಚೆನ್ನಾಗಿದೆ. ನಾನು ಇನ್ನಿಸ್ ಆ್ಯಂಡ್ ಗನ್ ಒರಿಜಿನಲ್ ಅಂದುಕೊಂಡಿದ್ದೆ, ಓಕ್ ಮರದ ವೆನಿಲಾ ರುಚಿ ಇದೆ ಅಂತ. ಆದರೆ ವಿಸ್ಕಿ ಆಗಲೇ ಕೆನೆಯಲ್ಲಿ ಇದೆ, ಮರದ ರುಚಿ ಎರಡು ಸಲ ಬೇಡ. ಓಟ್ಸ್ ಸ್ಟೌಟೇ ಸರಿ.

ಹೊಗೆಮೀನು:

ಒಂದು ಸಣ್ಣ ಮಾತು. ಸ್ಕಾಟಿಷ್ ಏಲ್ ಅಂದರೆ ಪೀಟ್ (ಸೌದೆಯ ಹಾಗೆ ಉರಿಸುವ ಜೌಗು ಮಣ್ಣು) ಹೊಗೆಯ ರುಚಿ ಇರಬೇಕು ಅಂತ ಹುಡುಕಬೇಡಿ. ವಿಸ್ಕಿಯಿಂದ ಬಂದ ನಂಬಿಕೆ ಅದು. ಹೊರದೇಶದಲ್ಲಿ ಸ್ಕಾಚ್ ಏಲ್ ಅಂತ ಪೀಟ್ ಹೊಗೆ ಹಾಕಿದ ಮಾಲ್ಟಿನಲ್ಲಿ ಮಾಡಿದ್ದು ಕುಡಿದಿದ್ದೇನೆ, ಸ್ಮೋಕಿ ಜೊತೆ ಅದನ್ನು ಇಟ್ಟರೆ ಹೊಗೆ ಮೇಲೆ ಹೊಗೆ, ಮೀನು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮಾಲ್ಟ್_ಗೌಡ:

ನೂರಕ್ಕೆ ನೂರು ನಿಜ. ಸ್ಕಾಟಿಷ್ ಏಲ್‌ನ ಗುಣ ಬೇರೆ ಕಡೆಯಿಂದ ಬರುತ್ತದೆ. ಚಳಿ ಜಾಗ, ಯೀಸ್ಟ್ ತಣ್ಣಗೆ ನಿಧಾನಕ್ಕೆ ಕೆಲಸ ಮಾಡುತ್ತದೆ, ಹಣ್ಣಿನ ವಾಸನೆ ಕಡಿಮೆ ಬರುತ್ತದೆ, ಮಾಲ್ಟ್ ಮುಂದೆ ನಿಲ್ಲುತ್ತದೆ.

ಮೈಸೂರು_ಸಂಜೆ:

ವಾಪಸ್ ಬಂದ ಮೇಲೆ ಇಲ್ಲೇ ಈ ಥರ ಊಟ ಮಾಡಬೇಕು ಅಂದರೆ? ಆ ಬಿಯರ್‌ಗಳು ಇಲ್ಲಿ ಸಿಗುವುದು ಕಷ್ಟ ಅಲ್ವಾ.

ಮಾಲ್ಟ್_ಗೌಡ:

ಕಷ್ಟ, ಸಿಕ್ಕರೂ ಬೆಲೆ ಜಾಸ್ತಿ. ಬ್ರೂಪಬ್‌ಗಳಲ್ಲಿ ಆಗಾಗ ಸ್ಕಾಟಿಷ್ ಏಲ್, ರೆಡ್ ಏಲ್, ಬ್ರೌನ್ ಏಲ್ ಅಂತ ಹಾಕುತ್ತಾರೆ, ಅವು ಹತ್ತಿರ ಬರುತ್ತವೆ. ವೀಟ್ ಬಿಯರ್ ಬೇಡ, ಅದರ ಬಾಳೆಹಣ್ಣು ಲವಂಗದ ವಾಸನೆ ಈ ಊಟಕ್ಕೆ ಹೊಂದುವುದಿಲ್ಲ. ಅಡುಗೆಯಲ್ಲಿ ಸ್ಕಾಚ್ ಬ್ರಾತ್ ಸುಲಭ: ಮಟನ್ ಮೂಳೆ, ಬಾರ್ಲಿ, ಕ್ಯಾರೆಟ್, ಟರ್ನಿಪ್ಪು, ಈರುಳ್ಳಿ, ಎಲೆಕೋಸು, ಒಣ ಬಟಾಣಿ. ಎಲ್ಲ ದೇವರಾಜ ಮಾರುಕಟ್ಟೆಯಲ್ಲಿ ಸಿಗುತ್ತದೆ. ಬಾರ್ಲಿ ಸೂಪಿಗೆ ಬಾರ್ಲಿ ಬಿಯರ್, ಇದಕ್ಕಿಂತ ನೇರ ಜೋಡಿ ಇಲ್ಲ.

ಬಿಯರಿನ ವಿಷಯದಲ್ಲಿ ನಮಗೂ ಸ್ಕಾಟ್ಲೆಂಡಿಗೂ ನಂಟು ಹಳೆಯದು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು 1915ರಲ್ಲಿ ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಟ್ಟು ಮಾಡಿ ಕಟ್ಟಿದವರು ಥಾಮಸ್ ಲೀಷ್‌ಮನ್ ಅನ್ನುವ ಸ್ಕಾಟ್ಲೆಂಡಿನವರು.

ಸೊಪ್ಪುಸಾರು:

ಗೊತ್ತೇ ಇರಲಿಲ್ಲ! ಹಾಗಾದರೆ ಲೀತ್ ಅಣ್ಣ, ಕೊನೆಗೆ ಪಟ್ಟಿ ಏನಾಯಿತು?

ಲೀತ್_ದಂಡೆ:

ಕಲನ್ ಸ್ಕಿಂಕ್‌ಗೆ ಬಿಟರ್ ಆ್ಯಂಡ್ ಟ್ವಿಸ್ಟೆಡ್, ಮೀನು ಫಿನ್ನನ್ ಹ್ಯಾಡಿಯೇ ತರುತ್ತೇನೆ. ಸಸ್ಯಾಹಾರಿಗಳಿಗೆ ಮಾಂಸ ಹಾಕದ ಲೀಕ್ (ಈರುಳ್ಳಿ ಜಾತಿಯ ತರಕಾರಿ) ಆಲೂಗಡ್ಡೆ ಸೂಪು, ಬಿಯರ್ ಅದೇ. ಹ್ಯಾಗಿಸ್‌ಗೆ 80 ಶಿಲ್ಲಿಂಗ್, ವೆಜ್ ಹ್ಯಾಗಿಸ್‌ಗೆ ಫ್ರೌಖ್. ಕ್ರಾನಖನ್‌ಗೆ ಓಟ್ಸ್ ಸ್ಟೌಟ್. ಚೀಸ್ ಬಂದಾಗ ಗೌಡ್ರ ಮಾತಿಗೆ ಟ್ರಾಕ್ವೇರ್, ಒಬ್ಬೊಬ್ಬರಿಗೆ ಸಣ್ಣ ಗ್ಲಾಸು. ಕುಡಿಯದವರಿಗೆ ಮಾಮೂಲಿ ಸಿಹಿ ಡ್ರಿಂಕ್ ಕೊಟ್ಟು ಕೂರಿಸುವುದಿಲ್ಲ, ಆಲ್ಕೋಹಾಲ್ ಇಲ್ಲದ ಡಾರ್ಕ್ ಬಿಯರ್ ತರುತ್ತೇನೆ, ಅವರಿಗೂ ಊಟದ ಜೊತೆ ಅದೇ ಮಾಲ್ಟಿನ ರುಚಿ ಸಿಗಬೇಕು.

ಹೊಗೆಮೀನು:

80 ಶಿಲ್ಲಿಂಗ್ ಫ್ರಿಜ್ಜಿನಿಂದ ನೇರ ಸುರಿಯಬೇಡಿ ಸರ್. ಎಷ್ಟೋ ಜನ ಅಲ್ಲೇ ಕೆಡಿಸುತ್ತಾರೆ.

ಲೀತ್_ದಂಡೆ:

ಇಲ್ಲ ಇಲ್ಲ. ಹ್ಯಾಗಿಸ್ ಚೀಲ ಬಿಸಿನೀರಿಗೆ ಹಾಕುವಾಗಲೇ ಬಾಟಲಿ ಹೊರಗೆ ತೆಗೆದಿಡುತ್ತೇನೆ. 11ರಿಂದ 13 ಡಿಗ್ರಿ ಬಂದರೆ ಸಾಕು. ಟ್ರಾಕ್ವೇರ್ ಅಂತೂ ಫ್ರಿಜ್ಜಿಗೇ ಹೋಗುವುದಿಲ್ಲ, ನಮ್ಮ ಮೆಟ್ಟಿಲ ಕೆಳಗೆ ಜನವರಿಯಲ್ಲಿ ಅಷ್ಟು ತಣ್ಣಗೆ ಇರುತ್ತದೆ.